ಬುತ್ತಿ ಡಬ್ಬಿ ನುಂಗಿದ ಮೂಸೆ

ನಾನು ಒಂದು ಮೂಸೆ, ಲೋಹ ಕರಗಿಸುವ ಪಾತ್ರೆ. ಹುಟ್ಟುವಾಗ ಕೊಳವೆಬಾವಿಯ ಕಬ್ಬಿಣದ ಪೈಪಾಗಿದ್ದೆ. ಬಾವಿ ಬತ್ತಿದ ಮೇಲೆ ಗುಜರಿ ಸೇರಿದೆ. ಅಲ್ಲಿಂದ ನನ್ನನ್ನು ಆರಿಸಿ ತಂದವನು ಬೆಳಗಾವಿಯ ಈರಸಂಗಪ್ಪ. ಗೇಣುದ್ದ ಕತ್ತರಿಸಿ, ತಳಕ್ಕೆ ದಪ್ಪ ತಗಡು ಬೆಸೆದು, ಒಳಗೆ ಜೇಡಿಮಣ್ಣು ಸವರಿದ. ಜನ್ಮ ಸಾರ್ಥಕವಾಯಿತೆಂದು ಹಿಗ್ಗಿದೆ. ಆಗ ನನಗೇನು ಗೊತ್ತಿತ್ತು!

ಫೌಂಡ್ರಿಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದ ಅವನು ಹಿತ್ತಿಲಲ್ಲೇ ಕುಲುಮೆ ಕಟ್ಟಿಕೊಂಡಿದ್ದ. ಎಣ್ಣೆ ಡಬ್ಬಕ್ಕೆ ಮಣ್ಣು ಮೆತ್ತಿದ ಕುಲುಮೆ. ಗಾಳಿ ಊದಲು ಕೂದಲು ಒಣಗಿಸುವ ಯಂತ್ರ. ತೂತು ಬಿದ್ದ ಬೋಗುಣಿ, ಹಳೆಯ ಪಿಸ್ಟನ್ನು ಎಲ್ಲವೂ ನನ್ನ ಹೊಟ್ಟೆಯಲ್ಲಿ ನೀರಾಗಿ, ಮರಳಿನ ಅಚ್ಚಿಗಿಳಿದು, ಹಿಟ್ಟಿನ ಗಿರಣಿಯ ಬೆಲ್ಟು ತಿರುಗಿಸುವ ಪುಲ್ಲಿಗಳಾಗುತ್ತಿದ್ದವು. ತಿಂದು ತಿಂದು ನನಗೆ ಸ್ವಲ್ಪ ಜಂಬವೂ ಬಂದಿತ್ತು.

ಆ ಮನೆಯಲ್ಲಿ ನಾನು ಹೆದರುತ್ತಿದ್ದುದು ಒಂದಕ್ಕೇ: ಅಲ್ಯೂಮಿನಿಯಮ್ಮಿನ ಬುತ್ತಿ ಡಬ್ಬಿಗೆ. ಅದರ ಮೈಮೇಲೆ ಚುಕ್ಕೆ ಚುಕ್ಕೆಯಾಗಿ 'ಕಸ್ತೂರಿ' ಎಂದು ಕೊರೆಸಿದ್ದರು. ಅದು ಈರಸಂಗಪ್ಪನ ಒಬ್ಬಳೇ ಮಗಳ ಹೆಸರು. ಹುಡುಗಿ ಜ್ವರದಲ್ಲಿ ತೀರಿಕೊಂಡು ವರ್ಷವಾಗಿತ್ತು. ಆದರೂ ತಾಯಿ ನೀಲವ್ವ ದಿನಾ ರೊಟ್ಟಿ, ಪಲ್ಯ ತುಂಬಿ ಡಬ್ಬಿಯನ್ನು ಹಿತ್ತಿಲ ಬಾಗಿಲಲ್ಲಿ ಇಡುತ್ತಿದ್ದಳು. ಅದು ಅಲ್ಲಿ ಕೂತು ಇಡೀ ದಿನ ನನ್ನನ್ನೇ ನೋಡುತ್ತಿದೆ ಎನಿಸುತ್ತಿತ್ತು.

"ಅಕಿ ಬರೂದಿಲ್ಲ, ನೀಲವ್ವಾ. ಹಿಂಗ ಆದ್ರ ನಾ ನಿನ್ನೂ ಕಳಕೊಂತೀನಿ," ಎಂದು ಅವನು ಅಂಗಲಾಚುತ್ತಿದ್ದ.

"ಅಕಿಗೆ ಕಾಲೇಜಿಗೆ ಹೊತ್ತಾಗೇತ್ರಿ, ಸುಮ್ನಿರ್ರಿ," ಎನ್ನುತ್ತಿದ್ದಳು ಅವಳು.

ಒಂದು ದಿನ ಅವಳು ಸಂತೆಗೆ ಹೋದಾಗ ಅವನು ಆ ಡಬ್ಬಿಯನ್ನು ಬರಿದುಮಾಡಿ ತಂದು ನನ್ನೊಳಗೆ ಇಳಿಸಿದ. ಇದು ಹೋದರೆ ಹೆಂಡತಿ ಉಳಿಯುತ್ತಾಳೆ ಎಂದುಕೊಂಡಿದ್ದ. ಬೆಂಕಿ ಏರಿತು. ಒಳಗಿನ ಲೋಹ ಕರಗಿತು, ಆದರೆ ಮೇಲಿನ ತೆಳುಪೊರೆ ಡಬ್ಬಿಯ ಆಕಾರದಲ್ಲೇ ನಿಂತಿತ್ತು, ಹೆಸರಿನ ಸಮೇತ. ಅಲ್ಯೂಮಿನಿಯಮ್ಮಿಗೆ ಹೀಗಾಗುವುದುಂಟು, ಸಲಾಕೆಯಿಂದ ಮುಟ್ಟಿದರೆ ಸಾಕು, ಕುಸಿಯುತ್ತದೆ. ಸಾವಿರ ಸಲ ಹಾಗೆ ಮುಟ್ಟಿದ ಅವನ ಕೈ ಅಂದು ಏಳಲಿಲ್ಲ. "ಕಸ್ತೂರಿ..." ಎಂದ. ಪೊರೆ ಉಸಿರೆಳೆದಂತೆ ಒಮ್ಮೆ ಉಬ್ಬಿ, ತಾನಾಗಿಯೇ ನನ್ನೊಳಗೆ ಮಲಗಿತು. ಆಣೆ ಮಾಡಿ ಹೇಳುತ್ತೇನೆ, ಯಾರೂ ಮುಟ್ಟಿರಲಿಲ್ಲ.

ಕರಗಿದ ಲೋಹವನ್ನು ಮೂಸೆಯಲ್ಲಿ ಆರಗೊಡಬಾರದು ಎಂಬುದು ಅವನ ಕಸುಬಿನ ಮೊದಲ ಪಾಠ. ಅದನ್ನೂ ಮರೆತು ಅವನು ಗಾಳಿ ನಿಲ್ಲಿಸಿ ಕೂತುಬಿಟ್ಟ. ಲೋಹ ನನ್ನಲ್ಲೇ ಹೆಪ್ಪುಗಟ್ಟಿತು.

ಸಂತೆಯಿಂದ ಬಂದ ನೀಲವ್ವ "ಡಬ್ಬಿ ಎಲ್ಲೈತ್ರಿ?" ಎಂದಳು. ಅವನು ನನ್ನತ್ತ ನೋಡಿದ. ಅವಳು ಅಳಲಿಲ್ಲ, ಬಯ್ಯಲಿಲ್ಲ. ಬೆಚ್ಚಗಿದ್ದ ನನ್ನ ಮೈ ಸವರಿ, "ಜ್ವರಾ ಇನ್ನೂ ಇಳದಿಲ್ಲಲ್ರೀ," ಎಂದಳು.

ಈರಸಂಗಪ್ಪ ಮತ್ತೆ ಕುಲುಮೆ ಹಚ್ಚಲಿಲ್ಲ. ನಾನೀಗ ಅಡುಗೆಮನೆಯ ಮೂಲೆಯಲ್ಲಿ ಮಣೆಯ ಮೇಲೆ ಕೂತಿರುವ ಮುದಿ ಜೀವ. ನನ್ನ ಮಣ್ಣಿನ ಲೇಪ ಎಂದೋ ಉದುರಿತ್ತು. ಕರಗಿದ ಅಲ್ಯೂಮಿನಿಯಂ ಕಬ್ಬಿಣವನ್ನು ಮೆಲ್ಲಗೆ ತಿನ್ನುತ್ತದೆ. ಆ ದಿನ ನನ್ನನ್ನು ಎಷ್ಟು ತಿಂದಿತೋ ತಿಳಿಯದು. ನೀಲವ್ವ ದಿನಾ ನನ್ನ ಮುಂದೆ ತಟ್ಟೆಯಿಟ್ಟು "ಉಣ್ಣಾಕ ಬಾ, ಕಸ್ತೂರಿ" ಎಂದು ಕರೆಯುತ್ತಾಳೆ. ನಾನು ಅವಳಲ್ಲ ಎಂದು ಹೇಳಲು ಬಾಯಿಲ್ಲವಲ್ಲ ಎಂದು ಮೊದಮೊದಲು ಸಂಕಟಪಡುತ್ತಿದ್ದೆ.

ಈಗ ಅವಳು ಕರೆಯುವುದು ತಡವಾದರೆ ನನಗೆ ಹಸಿವಾಗುತ್ತದೆ.