ಗುರುವಾರದ ಪುಟಗಳು

ಓದುವ ಹುಚ್ಚು ಇರುವವರನ್ನು ಹಿಡಿದು ನಿಲ್ಲಿಸುವುದು ಬಹಳ ಸುಲಭ. ಜಂಬದಿಂದಲೇ ಹೇಳುತ್ತೇನೆ, ಸಾಕಮ್ಮನವರನ್ನು ಒಂದಿಡೀ ಚಳಿಗಾಲ ಅಮೆರಿಕದ ವುಡ್‌ರಿಡ್ಜ್‌ನಲ್ಲಿ ನಿಲ್ಲಿಸಿದವಳು ನಾನು, ರಾಣೆಬೆನ್ನೂರಿನ ಗುಲ್‌ಶನ್.

ಅದು 1999ರ ಜನವರಿ. ಹೊಸ ವರ್ಷದ ಮರುದಿನ ಸುರಿದ ಹಿಮದಲ್ಲಿ ನಮ್ಮ ಬಡಾವಣೆಯ ಕಾರುಗಳೆಲ್ಲ ಹೂತುಹೋಗಿದ್ದವು. ಎರಡು ಬೀದಿ ಆಚೆಯ ಅಪಾರ್ಟ್‌ಮೆಂಟಿನಲ್ಲಿ ಲತಾಶ್ರೀ ಏಳು ತಿಂಗಳ ಬಸುರಿ. ಗಂಡ ಕಿಶೋರ್‌ಗೆ ಲಿವೋನಿಯಾ ಎಂಬ ಊರಿನಲ್ಲಿ ಕಂಪ್ಯೂಟರುಗಳನ್ನು 2000ನೇ ಇಸವಿಗೆ ಸಜ್ಜು ಮಾಡುವ ವೈಟೂಕೆ ಪ್ರಾಜೆಕ್ಟು. ಸೋಮವಾರ ಇನ್ನೂರೆಪ್ಪತ್ತು ಮೈಲಿ ಡ್ರೈವ್ ಮಾಡಿಕೊಂಡು ಹೋದರೆ ತಿರುಗಿ ಬರುವುದು ಶುಕ್ರವಾರ. ಬಾಣಂತನಕ್ಕೆಂದು ಬಂದಿದ್ದ ಲತಾಶ್ರೀಯ ತಾಯಿ ಸಾಕಮ್ಮನವರು ಮಂಡ್ಯದಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಹೇಳಿದವರು. ತಂದಿದ್ದ ಏಳು ಕಾದಂಬರಿಗಳನ್ನು ಡಿಸೆಂಬರಿನಲ್ಲೇ ಮುಗಿಸಿದರು. ಆಮೇಲೆ ಕಿಟಕಿಯಾಚೆ ಒಂದು ನರಪಿಳ್ಳೆಯೂ ಕಾಣದೆ ಅವರಿಗೆ ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. "ಇದು ಜೈಲು ಕಣೇ, ಹೀಟರ್ ಇರೋ ಜೈಲು" ಎಂದು ಹಟ ಹಿಡಿದು ಇಪ್ಪತ್ತೇಳನೇ ತಾರೀಖಿಗೆ ಟಿಕೆಟ್ ಹಾಕಿಸಿಕೊಂಡರು. ಬದಲಿಗೆ ಬರಬೇಕಾದ ಬೀಗಿತ್ತಿಗೆ ಇನ್ನೂ ವೀಸಾ ಆಗಿರಲಿಲ್ಲ.

ಲತಾಶ್ರೀ ನನ್ನ ಅಡುಗೆಮನೆಯಲ್ಲಿ ಕೂತು ಅತ್ತಳು. "ಒಬ್ಬಳೇ ಇದ್ದಾಗ ನೋವು ಬಂದ್ರೆ ಏನ್ ಮಾಡ್ಲಿ, ಆಂಟಿ?"

"ಅಳಬ್ಯಾಡ. ನಿಮ್ಮವ್ವನ್ನ ನನಗ ಬಿಡು" ಎಂದೆ.

ನನ್ನ ಹತ್ತಿರ ಒಂದೇ ಒಂದು ಅಸ್ತ್ರವಿತ್ತು. ನಮ್ಮಮ್ಮ ವಾರಪತ್ರಿಕೆಯ ಧಾರಾವಾಹಿಯೊಂದನ್ನು ವಾರವಾರವೂ ಕತ್ತರಿಸಿಟ್ಟು, ಹನ್ನೆರಡು ಕಂತು ಮುಗಿದ ಮೇಲೆ ಪೇಟೆಯಲ್ಲಿ ಬೈಂಡ್ ಮಾಡಿಸಿದ್ದಳು. ಕೆಂಪು ಕ್ಯಾಲಿಕೋ ಬಟ್ಟೆಯ ರಟ್ಟು. ನಾನು ಅಮೆರಿಕಕ್ಕೆ ಹೊರಟಾಗ ಸೀರೆಗಳ ನಡುವೆ ಇಟ್ಟುಕೊಟ್ಟದ್ದು. ಇಡೀ ಪುಸ್ತಕವನ್ನೇ ಕೊಟ್ಟರೆ ಸಾಕಮ್ಮನವರು ಎರಡು ದಿನದಲ್ಲಿ ಮುಗಿಸಿ ವಿಮಾನ ಹತ್ತುತ್ತಾರೆ. ಹೆರಿಗೆ ಮಾರ್ಚ್ ನಡುವಿಗೆ. ಲೆಕ್ಕ ಹಾಕಿದೆ: ಹನ್ನೆರಡು ಗುರುವಾರ.

ಸಣ್ಣ ಕತ್ತರಿಯಿಂದ ಮೊದಲ ಕಂತಿನ ಹೊಲಿಗೆ ಬಿಚ್ಚಲು ಹೋಗಿ ಒಮ್ಮೆ ಕತ್ತರಿ ಕೆಳಗಿಟ್ಟೆ. ಆ ದಾರ ಅಮ್ಮ ಎದುರಿಗೆ ನಿಂತು ಹಾಕಿಸಿದ್ದು. ಅವಳು ತೀರಿಕೊಂಡು ಆರು ವರ್ಷವಾಗಿತ್ತು. ಆದರೂ ಬಿಚ್ಚಿದೆ. ಪ್ರತಿ ಬುಧವಾರ ಒಂದು ಕಂತಿನಷ್ಟು ಮಾತ್ರ. ಮರುದಿನ, ಗುರುವಾರ, ಅದು ಸಾಕಮ್ಮನವರ ಕೈಗೆ.

ಮೂರು ಗುರುವಾರ ಕಳೆದವು. ಇಪ್ಪತ್ತಾರನೇ ತಾರೀಖು, ಮಂಗಳವಾರ, ಬಾಗಿಲು ಬಡಿದ ಸದ್ದಾಯಿತು. ನೋಡಿದರೆ ಸಾಕಮ್ಮನವರು. ಸೀರೆಯ ಮೇಲೆ ಅಳಿಯನ ಜಾಕೆಟ್ಟು, ಕಾಲಿಗೆ ಅಳಿಯನದೇ ಬೂಟು. ಮೈನಸ್ ಹತ್ತು ಡಿಗ್ರಿ ಚಳಿಯಲ್ಲಿ ಒಬ್ಬರೇ ನಡೆದು ಬಂದಿದ್ದರು.

"ನಾಳೆ ಫ್ಲೈಟು. ಉಳಿದಿದ್ದಷ್ಟೂ ಕೊಟ್ಬಿಡಿ."

"ಗುರುವಾರ ಬರ್ರಿ, ಅಮ್ಮಾರ. ಪತ್ರಿಕಾ ವಾರಕ್ಕೊಮ್ಮೆನ ಬರತಿತ್ತಲ್ಲ?"

"ಗುರುವಾರ ನಾನು ಮಂಡ್ಯದಲ್ಲಿರ್ತೀನಿ!"

"ಹಂಗಾರ ಮಂಡ್ಯದಾಗ ಯಾರನ್ನರ ಕೇಳಿ ಓದ್ರಿ."

"ಕಟ್ಟಿಸಿರೋ ಪುಸ್ತಕ ಬಿಚ್ಚಿ ಪುಡಿ ಮಾಡೋರನ್ನ ನಾನು ನೋಡಿದ್ದು ಇದೇ ಮೊದಲು. ನಿಮ್ಮ ಥರದೋರನ್ನ ಕ್ಲಾಸಲ್ಲಿ ಬೆಂಚಿನ ಮೇಲೆ ನಿಲ್ಲಿಸ್ತಿದ್ದೆ" ಎಂದು ಬೈದು, ಚಹಾ ಕೂಡ ಮುಟ್ಟದೆ ಬೂಟು ಎಳೆದುಕೊಂಡು ಹೋದರು. ಆ ದಿನ ಮಾತ್ರ ನನ್ನ ಧೈರ್ಯ ಸ್ವಲ್ಪ ಅಲುಗಾಡಿತು. ಹುಡುಗಿಯ ಗತಿ ಏನು ಎಂದು ಸಂಜೆಯವರೆಗೂ ಒಳಗೂ ಹೊರಗೂ ಓಡಾಡಿದೆ.

ಮರುದಿನ ಬೆಳಿಗ್ಗೆ ನನ್ನ ಗಂಡ ವಾಹಿದ್ ಸಾಕಮ್ಮನವರನ್ನು ಏರ್‌ಪೋರ್ಟಿಗೆ ಬಿಡಬೇಕಿತ್ತು. ಕಾರಿನ ಮೇಲಿನ ಹಿಮ ಕೆರೆಯುತ್ತಿದ್ದಾಗ ಫೋನು ಬಂತು. ಲತಾಶ್ರೀ ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ. "ಅಂಕಲ್ ಬರೋದು ಬೇಡವಂತೆ, ಆಂಟಿ. ಟಿಕೆಟ್ ಏಪ್ರಿಲ್‌ಗೆ ಹಾಕ್ಸು ಅಂತಿದಾರೆ ಅಮ್ಮ. ಆ ನಾಯಕಿ ಕೋರ್ಟಿಗೆ ಹೋಗ್ತಾಳೋ ಇಲ್ವೋ ನೋಡ್ಬೇಕಂತೆ."

ಹನ್ನೊಂದನೇ ಗುರುವಾರ ನನ್ನ ಕಂತನ್ನು ಆಸ್ಪತ್ರೆಗೇ ಒಯ್ದೆ. ಸಾಕಮ್ಮನವರು ಮೊಮ್ಮಗಳನ್ನು ಎಡಗೈಯಲ್ಲಿ ಹಿಡಿದು, ಬಲಗೈ ಚಾಚಿದರು.

ನಾನು ಮೆರೆಯುತ್ತಿದ್ದೆ. ಆದರೆ ಮುಂದಿನ ಬುಧವಾರ ಕೊನೆಯ ಕಂತು ಬಿಚ್ಚಿ ನೋಡುತ್ತೇನೆ, ಕಟ್ಟಕಡೆಯ ಪುಟದಲ್ಲಿ ಚೌಕಾಕಾರದ ಒಂದು ಕಿಂಡಿ! ನನ್ನದೇ ಕೈಕೆಲಸ. ಆ ಪುಟದ ಹಿಂಬದಿಯಲ್ಲಿ ನಿಂಬೆಕಾಯಿ ಉಪ್ಪಿನಕಾಯಿ ಮಾಡುವ ವಿಧಾನ ಇತ್ತು. ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ ಊರಿನ ಬಾಯಿರುಚಿಗೆ ಹಂಬಲಿಸಿ ಕತ್ತರಿಸಿ ಅಡುಗೆಮನೆಯ ಗೋಡೆಗೆ ಅಂಟಿಸಿದ್ದೆ. ಮನೆ ಬದಲಾಯಿಸಿದಾಗ ಅದೂ ಹೋಯಿತು. ಕಥೆಯ ಕೊನೆಯ ಸಾಲುಗಳು ನನಗೂ ಮರೆತುಹೋಗಿದ್ದವು.

ಮುಚ್ಚಿಡಲಿಲ್ಲ, ಉಪ್ಪಿನಕಾಯಿಯ ವಿಷಯವನ್ನೂ ಹೇಳಿ ಕೊಟ್ಟುಬಿಟ್ಟೆ. ಸಾಕಮ್ಮನವರು ಓದಿದರು, ಕಿಂಡಿಯೊಳಗೆ ಬೆರಳು ಹಾಕಿದರು, ಆಮೇಲೆ ಅದರೊಳಗಿಂದ ನನ್ನ ಮುಖ ನೋಡಿದರು.

"ಹನ್ನೆರಡು ವಾರ ಕಾಯಿಸಿ, ಕೊನೆಗೆ ಉಪ್ಪಿನಕಾಯಿಗೆ ಕೊಟ್ರಾ?"

ನನಗೆ ನಾಚಿಕೆಯಾಯಿತು, ಸುಳ್ಳೇಕೆ. ಅವರು ಮಾತ್ರ ಮೊಮ್ಮಗಳು ಎಚ್ಚರಗೊಳ್ಳುವಷ್ಟು ನಕ್ಕರು. ಏಪ್ರಿಲಿನಲ್ಲಿ ಊರಿಗೆ ಹೋದರು. ನಾನು ಆ ಹನ್ನೆರಡು ಕಂತುಗಳನ್ನು ಗೋಣಿ ಹೊಲಿಯುವ ದಬ್ಬಣದಿಂದ ಮತ್ತೆ ಹೊಲಿದೆ. ಅಮ್ಮನ ಬೈಂಡಿನಷ್ಟು ನೀಟಾಗಿ ಬರಲಿಲ್ಲ.

ಜುಲೈನಲ್ಲಿ ಮಂಡ್ಯದಿಂದ ಕಾಗದ ಬಂತು. ಕರಿಹಲಗೆಯ ಮೇಲೆ ಬರೆದಂಥ ದುಂಡು ಅಕ್ಷರ.

"ಗುಲ್‌ಶನ್ ಅವರೇ, ಲೈಬ್ರರಿಯ ಹಳೇ ಸಂಪುಟಗಳನ್ನೆಲ್ಲ ಕೆದಕಿ ಆ ಪುಟ ಹುಡುಕಿದೆ. ಕಥೆಯ ಕೊನೆಯ ಹದಿನಾಲ್ಕು ಸಾಲು ಬರೆದಿಟ್ಟುಕೊಂಡಿದ್ದೇನೆ. ಟಪಾಲಿಗೆ ಹಾಕುವುದಿಲ್ಲ. ಚಳಿ ಶುರುವಾಗುವ ಹೊತ್ತಿಗೆ, ನವೆಂಬರಿನಲ್ಲಿ, ನಾನೇ ತರುತ್ತೇನೆ. ಅಲ್ಲಿಯವರೆಗೆ ಕಾಯಿರಿ, ಗೊತ್ತಾಗಲಿ. ಹಿಂಬದಿಯಲ್ಲಿದ್ದದ್ದನ್ನು ಮಾತ್ರ ಕೆಳಗೆ ಬರೆದಿದ್ದೇನೆ."

ಕೆಳಗೆ ಉಪ್ಪಿನಕಾಯಿ ವಿಧಾನವಿತ್ತು, ಉಪ್ಪಿನ ಅಳತೆಯ ಸಮೇತ. ಆ ಸಂಜೆಯೇ ಇಪ್ಪತ್ತೈದು ನಿಂಬೆ ತಂದು ಹೆಚ್ಚಿ ಜಾಡಿಗೆ ಹಾಕಿದೆ. ಅವರು ಬರುವ ಹೊತ್ತಿಗೆ ಚೆನ್ನಾಗಿ ಕಳಿತಿರುತ್ತದೆ.