ನಿಮಿಷಕ್ಕೆ ಇಪ್ಪತ್ತೆಂಟು ಸುತ್ತು

ಭಾನುವಾರ ಸಂಜೆ ನಾಲ್ಕು ಗಂಟೆಗೆ ಶಂಶುನ್ನೀಸಾ ಇಂದಿರಾನಗರದಲ್ಲಿ ನಾಣಿಯವರ ಮನೆಯ ಮುಂದೆ ಆಟೊದಿಂದ ಇಳಿದರು. ಕೈಯಲ್ಲಿದ್ದ ಬಟ್ಟೆಚೀಲದಲ್ಲಿ ಒಂದೇ ಒಂದು ರೆಕಾರ್ಡ್ ಇತ್ತು. ಉಳಿದ ಇನ್ನೂರ ಹನ್ನೊಂದು ಶಿವಾಜಿನಗರದ ಅವರ ಮನೆಯಲ್ಲಿದ್ದವು.

ನಾಣಿಯವರಿಗೆ ಬೇಕಿದ್ದದ್ದು ಆ ಇನ್ನೂರ ಹನ್ನೊಂದು. ಚೀಲದಲ್ಲಿದ್ದ ಇನ್ನೊಂದನ್ನೂ ಅವರು ಬೇಡ ಎನ್ನುವವರಲ್ಲ.

ಶಂಶುನ್ನೀಸಾ ಅವರ ಗಂಡ ಶಿವಾಜಿನಗರದಲ್ಲಿ ನಲವತ್ತು ವರ್ಷ ಮದುವೆ ಬ್ಯಾಂಡ್ ನಡೆಸಿದವರು. ಎಲ್ಲರ ಬಾಯಲ್ಲೂ ಮಾಸ್ಟರ್ ಸಾಬ್. ಕುಕ್ ಟೌನಿನ ಬಂಗಲೆಗಳನ್ನು ಖಾಲಿ ಮಾಡಿ ಆಸ್ಟ್ರೇಲಿಯಾಕ್ಕೆ ಹೊರಟ ಕುಟುಂಬಗಳು ಬಿಟ್ಟುಹೋಗುತ್ತಿದ್ದ ಜಾಝ್, ಬ್ಲೂಸ್ ರೆಕಾರ್ಡ್‌ಗಳನ್ನು ಅವರು ಒಂದೊಂದಾಗಿ ಕೂಡಿಹಾಕಿದ್ದರು. ಹೋದ ವರ್ಷ ತೀರಿಕೊಂಡರು. ಈಗ ಶಂಶುನ್ನೀಸಾ ಆ ಮನೆ ಬಿಟ್ಟು ಕೆ.ಆರ್. ಪುರದಲ್ಲಿ ಮಗಳು ಫಾಯಿಜಾಳ ಫ್ಲ್ಯಾಟಿಗೆ ಹೋಗುವವರಿದ್ದರು. ರೆಕಾರ್ಡ್‌ಗಳನ್ನು ಕೇಳಿಕೊಂಡು ಬಂದವರು ಇಬ್ಬರು. ಒಬ್ಬರು ನೂರಡಿ ರಸ್ತೆಯ ಒಂದು ಪಬ್ಬಿನವರು. ಶೌಚಾಲಯಕ್ಕೆ ಹೋಗುವ ದಾರಿಯ ಗೋಡೆಗೆ ಫ್ರೇಮ್ ಹಾಕಿಸಲು ಅವರಿಗೆ ಹೊದಿಕೆಗಳಷ್ಟೇ ಸಾಕಿತ್ತು. “ಒಳಗಿನ ತಟ್ಟೆ ನೀವೇ ಇಟ್ಕೊಳ್ಳಿ ಅಮ್ಮ” ಎಂದಿದ್ದರು. ಇನ್ನೊಬ್ಬರು ನಾಣಿ.

“ನಮ್ಮ ಮನೇದು ಪ್ಲೇಯರ್ ಕೆಟ್ಟು ಮೂರು ವರ್ಷ ಆಯ್ತು. ನಮ್ ಯಜಮಾನ್ರಿಗೆ ಇಷ್ಟವಾದದ್ದು ಒಂದಿದೆ. ನಿಮ್ಮ ಮಿಷಿನ್ನಲ್ಲಿ ಹಾಕಿ. ಅವರು ಇದ್ದಾಗ ಕೇಳಿಸ್ತಿದ್ದ ಹಾಗೇ ಕೇಳಿಸಿದ್ರೆ ಎಲ್ಲಾ ನಿಮ್ಮದೇ” ಎಂದು ಶಂಶುನ್ನೀಸಾ ಫೋನಿನಲ್ಲಿ ಹೇಳಿದ್ದರು. ನಾಣಿ ಆ ರಾತ್ರಿಯೇ ಬಡಗಿಗೆ ಕಪಾಟಿನ ಅಳತೆ ಕಳಿಸಿದರು.

ನಾಣಿಯವರಿಗೆ ಅರವತ್ತೆಂಟು. ಒಂದು ಸರ್ಕಾರಿ ಕಾರ್ಖಾನೆಯ ವಿದ್ಯುತ್ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತರಾದವರು. ಅವರ ಮಹಡಿಯ ಹಾಲಿನಲ್ಲಿ ಪ್ರತಿ ಭಾನುವಾರ ‘ದಂಡು ಲಾಂಗ್‌ಪ್ಲೇ ಕೂಟ’ ಸೇರುತ್ತಿತ್ತು. ಸದಸ್ಯರು ಏಳು, ನಿಯಮಗಳು ನಾಲ್ಕು. ಗ್ಲೌಸ್ ಇಲ್ಲದೆ ರೆಕಾರ್ಡ್ ಮುಟ್ಟಬಾರದು. ಸಂಗೀತ ನಡೆಯುವಾಗ ಕಾಫಿ ಹೀರಬಾರದು. ಜಾಝ್, ಬ್ಲೂಸ್ ಫೋನಿನಲ್ಲಿ ಕೇಳಬಾರದು. ಯಾರ ರೆಕಾರ್ಡೂ ಇನ್ನೊಬ್ಬರ ಮನೆಗೆ ಎರವಲು ಹೋಗಬಾರದು. ಪ್ರತಿಯೊಬ್ಬರೂ ತಮ್ಮ ‘ನೆಚ್ಚಿನ ಹತ್ತು’ ಪಟ್ಟಿಯಿಂದ ಒಂದನ್ನು ತಂದು, ಎತ್ತಿ ತೋರಿಸಿ, ಹಾಕಿಸಿ, ವಾಪಸು ಒಯ್ಯುತ್ತಿದ್ದರು. ಇದಕ್ಕೆ ಅವರು ಹಂಚಿಕೊಳ್ಳುವುದು ಎನ್ನುತ್ತಿದ್ದರು.

ಕೂಟದ ಹೆಮ್ಮೆ ಎಂದರೆ ಯಂತ್ರ. ಅಮೆರಿಕದ ಯಾವುದೋ ರೇಡಿಯೊ ನಿಲಯದಲ್ಲಿ ಇದ್ದದ್ದು, ತೂಕ ಇಪ್ಪತ್ತಮೂರು ಕಿಲೊ. ಸದಸ್ಯ ವಿಕ್ರಮ್ ಅದನ್ನು ಮೂರು ವರ್ಷದ ಹಿಂದೆ ತರಿಸಿದ್ದ. ಅದು ನಮ್ಮ ಕರೆಂಟಿಗೆ ಸುಟ್ಟುಹೋಗದ ಹಾಗೆ ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರನ್ನು ಕೈಯಾರೆ ಸುತ್ತಿಕೊಟ್ಟವರು ನಾಣಿ. ಹಾಗಾಗಿ ಯಂತ್ರ ಅವರ ಹಾಲಿನಲ್ಲೇ ನೆಲೆಸಿತ್ತು. ಮೊದಲ ದಿನ ರೆಕಾರ್ಡ್ ಹಾಕಿದಾಗ ಎಲ್ಲರೂ ಕಣ್ಣು ಮುಚ್ಚಿಕೊಂಡಿದ್ದರು. ಅಷ್ಟು ಆಳ, ಅಷ್ಟು ಗಾಂಭೀರ್ಯ, ಅಷ್ಟು ನೋವು. “ಇಷ್ಟು ವರ್ಷ ನಾವು ಕೇಳಿದ್ದೆಲ್ಲ ಸುಳ್ಳು” ಎಂದಿದ್ದರು ನಾಣಿ. ಆ ಮಾತನ್ನು ಇನ್ನೊಬ್ಬ ಸದಸ್ಯೆ ಪ್ರಿಯಂವದಾ ತನ್ನ ಇನ್‌ಸ್ಟಾಗ್ರಾಂ ಪುಟದ ನೆತ್ತಿಯ ಮೇಲೆ ಹಾಕಿಕೊಂಡಿದ್ದಳು. ನಾಣಿಯವರ ಹೆಂಡತಿ ಸೀತಾಲಕ್ಷ್ಮಿ ಮಾತ್ರ, “ಎಲ್ರೂ ಈಗಷ್ಟೇ ನಿದ್ದೆಯಿಂದ ಎದ್ದು ಹಾಡಿದ ಹಾಗಿದೆಯಲ್ರೀ” ಎಂದಿದ್ದರು. ನಾಣಿ ಇಪ್ಪತ್ತು ನಿಮಿಷ ವಿವರಿಸಿದರು. ಅಂದಿನಿಂದ ಸೀತಾಲಕ್ಷ್ಮಿ ಭಾನುವಾರ ನಾಲ್ಕಕ್ಕೆ ತಾರಸಿಗೆ ಹೋಗಿಬಿಡುತ್ತಿದ್ದರು.

ನಾಣಿ ಒಂದು ಪುಸ್ತಕವನ್ನೂ ಬರೆದಿದ್ದರು. ಹಲಸೂರಿನ ಪ್ರೆಸ್ಸಿನಲ್ಲಿ ಅಚ್ಚಾಗುತ್ತಿತ್ತು. ಷಿಕಾಗೋದ ಒಬ್ಬ ಗಾಯಕಿಯ ಗಂಡುದನಿಯ ಬಗ್ಗೆ ಅದರಲ್ಲಿ ಎರಡೂವರೆ ಪುಟ ಇತ್ತು. ಕೊನೆಯಲ್ಲಿ ಒಂದು ಅನುಬಂಧ. ತೊಂಬತ್ತನಾಲ್ಕು ರೆಕಾರ್ಡ್‌ಗಳನ್ನು ಕೈಗಡಿಯಾರ ಹಿಡಿದು ಅಳೆದಿದ್ದ ನಾಣಿ, ಲೇಬಲ್ ಮೇಲೆ ಇಪ್ಪತ್ತು ನಿಮಿಷ ಎಂದಿದ್ದದ್ದು ನಿಜಕ್ಕೂ ಇಪ್ಪತ್ತನಾಲ್ಕು ನಿಮಿಷ ನಡೆಯುತ್ತದೆ ಎಂದು ಕಂಡುಹಿಡಿದಿದ್ದರು. ತೊಂಬತ್ತನಾಲ್ಕರಲ್ಲೂ ವ್ಯತ್ಯಾಸ ಸರಿಯಾಗಿ ಐದನೇ ಒಂದು ಪಾಲು. ಅಮೆರಿಕದ ಕಂಪನಿಗಳೆಲ್ಲ ಒಳಗೊಳಗೇ ಮಾತಾಡಿಕೊಂಡು ಲೇಬಲ್ ಮೇಲೆ ಸುಳ್ಳು ಅಚ್ಚು ಹಾಕಿಸಿವೆ ಎಂಬುದು ಅವರ ತೀರ್ಮಾನ.

ನಾಲ್ಕೂ ಹತ್ತಕ್ಕೆ ಶಂಶುನ್ನೀಸಾ ಸೋಫಾದಲ್ಲಿ ಕೂತರು. ಜೊತೆಗೆ ಮಗ ವಾಜಿದ್ ಬಂದಿದ್ದ. ತಂದೆಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುವವನು, ವಯಸ್ಸು ನಲವತ್ತೈದು. ಏಳು ಗಂಟೆಗೆ ಫ್ರೇಜರ್ ಟೌನಿನಲ್ಲಿ ಮದುವೆ ಇದ್ದುದರಿಂದ ವಾದ್ಯದ ಪೆಟ್ಟಿಗೆ ಕೈಯಲ್ಲೇ ಇತ್ತು.

ಶಂಶುನ್ನೀಸಾ ಚೀಲದಿಂದ ರೆಕಾರ್ಡನ್ನು ಬರಿಗೈಯಲ್ಲಿ ಎಳೆದು ಸೆರಗಿನಲ್ಲಿ ಒರೆಸಿದರು. ಪ್ರಿಯಂವದಾ ಕಣ್ಣು ಮುಚ್ಚಿಕೊಂಡಳು.

“ಪರವಾಗಿಲ್ಲ ಆಂಟಿ, ಇಲ್ಲಿ ಕೊಡಿ” ಎಂದು ವಿಕ್ರಮ್ ಬಿಳಿ ಗ್ಲೌಸಿನ ಕೈ ಚಾಚಿದ. “ನಿಮ್ಮ ಹಸ್ಬೆಂಡ್ ಇದನ್ನ ಯಾವ ಸಿಸ್ಟಮ್ಮಲ್ಲಿ ಕೇಳ್ತಿದ್ರು?”

“ಸಿಸ್ಟಮ್ಮಾ? ರಸೆಲ್ ಮಾರ್ಕೆಟ್ ಹಿಂದೆ ತಗೊಂಡಿದ್ದು. ಮುಚ್ಚಳದಲ್ಲೇ ಸ್ಪೀಕರು.”

“ಓಹ್. ಹಾಗಾದ್ರೆ ಇವತ್ತು ಮೊದಲ್ನೇ ಸಲ ಕೇಳ್ತೀರಾ.”

ನಾಲ್ಕೂ ಇಪ್ಪತ್ತಕ್ಕೆ ರೆಕಾರ್ಡಿನ ಮೇಲೆ ಮುಳ್ಳು ಇಳಿಯಿತು. ಕ್ಲಾರಿನೆಟ್ಟಿನ ಬ್ಲೂಸ್. ಕೂಟದ ಏಳೂ ತಲೆಗಳು ಒಂದೇ ಲಯದಲ್ಲಿ, ಬಹಳ ನಿಧಾನವಾಗಿ ಆಡತೊಡಗಿದವು. ಶಂಶುನ್ನೀಸಾ ತಲೆ ಆಡಿಸಲಿಲ್ಲ. ಮಗನ ಕಡೆ ತಿರುಗಿದರು.

“ಐಸಾ ಕೈಕು ಬಜ್‌ರಾ ರೇ?” ಯಾಕಿದು ಹೀಗೆ ಕೇಳಿಸುತ್ತಿದೆ ಎಂದು ಕೇಳಿ, ನಾಣಿಯವರಿಗೆ ಕನ್ನಡದಲ್ಲಿ, “ಬೀಮಾರಿ ಬಂದವರು ಊದಿದ ಹಾಗಿದೆ ಸಾರ್” ಎಂದರು.

“ಅದೇ ಡೆಪ್ತ್ ಆಂಟಿ” ಎಂದಳು ಪ್ರಿಯಂವದಾ. “ಅಭ್ಯಾಸ ಆಗ್ಬೇಕು.”

ವಾಜಿದ್ ಪೆಟ್ಟಿಗೆ ತೆರೆದು ಕ್ಲಾರಿನೆಟ್ ಜೋಡಿಸಿದ. ಈ ರೆಕಾರ್ಡಿನ ಜೊತೆ ಊದಿ ಊದಿಯೇ ಮಾಸ್ಟರ್ ಸಾಬ್ ಕಲಿತಿದ್ದರು. ಅವನಿಗೆ ಕಲಿಸಿದ್ದೂ ಹಾಗೆಯೇ. ನಾಲ್ಕು ಸ್ವರ ಊದಿದ. ರೆಕಾರ್ಡು ಒಂದು ಕಡೆ, ಅವನು ಒಂದು ಕಡೆ. ಹಾಲಿನಲ್ಲಿ ಎರಡು ನಾಯಿ ಒಟ್ಟಿಗೆ ಊಳಿಟ್ಟಂತಾಯಿತು.

“ಶ್ರುತಿ ಒಂದೂವರೆ ಮನೆ ಕೆಳಗಿದೆ ಸಾರ್” ಎಂದ.

“ನಿನ್ನದು ಮೇಲಿದೆ ಗುರು” ಎಂದು ವಿಕ್ರಮ್ ನಕ್ಕ. “ಇದು ಸ್ಟುಡಿಯೊ ಮಿಷಿನ್. ಮದುವೆ ಬ್ಯಾಂಡ್ ಜೊತೆ ಮ್ಯಾಚ್ ಆಗಲ್ಲ.”

“ಮದುವೇಲಿ ಶ್ರುತಿ ಇಳಿಸಿದ್ರೆ ಮದುಮಗನ ಕುದುರೆ ನಿಂತುಬಿಡತ್ತೆ ಸಾರ್. ನಿಮ್ದು ನಿಂತೇ ಇದೆ.”

ನಾಣಿಯವರ ತಲೆಯಲ್ಲಿ ಆಗ ಏನೋ ಕೊರೆಯತೊಡಗಿತು. ಒಂದೂವರೆ ಮನೆ. ಐದನೇ ಒಂದು ಪಾಲು. ಅವರು ಎದ್ದು, ಬಸ್ ಟಿಕೆಟ್ಟಿನಷ್ಟು ಕಾಗದದ ಚೂರನ್ನು ಲೇಬಲ್ಲಿನ ಅಂಚಿಗೆ ಅಂಟಿಸಿ, ಗಡಿಯಾರ ನೋಡುತ್ತ ಎಣಿಸಿದರು. ನಿಮಿಷಕ್ಕೆ ಮೂವತ್ತಮೂರು ಸುತ್ತು ಬರಬೇಕಿತ್ತು. ಬಂದದ್ದು ಇಪ್ಪತ್ತೆಂಟು, ಅದಕ್ಕೂ ಒಂದು ಚೂರು ಕಡಿಮೆ.

ಲೆಕ್ಕ ಮಾಡಲು ಅವರಿಗೆ ಕಾಗದ ಬೇಕಾಗಲಿಲ್ಲ. ಅಮೆರಿಕದ ಕರೆಂಟ್ ಸೆಕೆಂಡಿಗೆ ಅರವತ್ತು ಸಲ ಮಿಡಿಯುತ್ತದೆ, ನಮ್ಮದು ಐವತ್ತು. ಇಂಥ ಮೋಟಾರು ಆ ಮಿಡಿತ ನೋಡಿಯೇ ತಿರುಗುವುದು. ವೋಲ್ಟೇಜನ್ನು ತಾವು ಇಳಿಸಿದ್ದರು; ಮಿಡಿತವನ್ನು ಯಾವ ಟ್ರಾನ್ಸ್‌ಫಾರ್ಮರೂ ಬದಲಿಸುವುದಿಲ್ಲ. ಐಟಿಐ ಓದುವ ಹುಡುಗನೂ ಮೊದಲ ವರ್ಷದಲ್ಲಿ ಬರೆಯುವ ಉತ್ತರ ಇದು. ಮೂರು ವರ್ಷ ಅವರು ಆ ಪ್ಲಗ್ಗಿನ ಪಕ್ಕದಲ್ಲೇ ಕಣ್ಣು ಮುಚ್ಚಿ ಕೂತಿದ್ದರು.

“ಏನ್ ಸಾರ್?” ಎಂದ ವಾಜಿದ್.

“ಏನಿಲ್ಲ” ಎಂದರು ನಾಣಿ. “ಎಸಿ ತಂಪಿಗೆ ಕ್ಲಾರಿನೆಟ್ ಶ್ರುತಿ ಏರುಪೇರಾಗತ್ತೆ. ಮಿಷಿನ್ ಸರಿಯಾಗಿದೆ.”

ಹಾಲಿನಲ್ಲಿ ಎಸಿ ಇರಲಿಲ್ಲ. ವಾಜಿದ್ ನಾಲ್ಕೂ ಗೋಡೆ ನೋಡಿದ. ಶಂಶುನ್ನೀಸಾ ಎದ್ದು ನಿಂತು ಚೀಲ ಬಿಡಿಸಿದರು.

“ಕೊಡಿ ಸಾರ್ ನಮ್ಮದು. ನಮ್ಮ ಯಜಮಾನ್ರು ಇದನ್ನ ಕೇಳಿ ಮುಂಡಾಸು ಸುತ್ಕೊಂಡು ಕೆಲಸಕ್ಕೆ ಓಡ್ತಿದ್ರು. ಇದನ್ನ ಕೇಳಿದ್ರೆ ಮಲಕ್ಕೊಂಡುಬಿಡ್ತಿದ್ರು. ಆ ಹೋಟೆಲಿನವರೇ ವಾಸಿ, ಗೋಡೆಗಾದ್ರೂ ಹಾಕ್ತಾರೆ.”

ಇನ್ನೂರ ಹನ್ನೊಂದು ರೆಕಾರ್ಡ್‌ಗಳು ಪಬ್ಬಿನ ಶೌಚಾಲಯದ ಕಡೆ ಸಾಲಾಗಿ ನಡೆದುಹೋಗುವುದು ನಾಣಿಯವರಿಗೆ ಕಣ್ಣಿಗೆ ಕಟ್ಟಿತು.

“ಅಮ್ಮ, ಕೂತ್ಕೊಳ್ಳಿ” ಎಂದರು. “ನಾನು ಹೇಳಿದ್ದು ಸುಳ್ಳು. ತಪ್ಪು ಮಿಷಿನ್ನಿಂದೇ. ಅಂದ್ರೆ, ನಂದೇ.”

ಅವರು ವಿವರಿಸಿದರು. ಎರಡು ನಿಮಿಷ ಹಿಡಿಯಿತು. ಮೂರು ವರ್ಷದಲ್ಲಿ ಅವರು ಆ ಹಾಲಿನಲ್ಲಿ ಅಷ್ಟು ಚಿಕ್ಕದಾಗಿ ಏನನ್ನೂ ವಿವರಿಸಿರಲಿಲ್ಲ.

“ಅಂದ್ರೆ ಆ ಷಿಕಾಗೋ ಸಿಂಗರ್‌ಗೆ ಗಂಡಸಿನ ವಾಯ್ಸ್ ಇಲ್ವಾ?” ಎಂದಳು ಪ್ರಿಯಂವದಾ.

“ಇಲ್ಲಮ್ಮ. ಎಲ್ಲಾ ಹೆಂಗಸರ ಹಾಗೇ ಇದೆ.”

ಅಡಿಗೆಮನೆಯ ಡ್ರಾಯರಿನಿಂದ ನಾಣಿ ಎಲೆಕ್ಟ್ರಿಷಿಯನ್ನರ ಕಪ್ಪು ಟೇಪ್ ತಂದರು. ಯಂತ್ರದ ತಿರುಗುವ ತಟ್ಟೆ ಎತ್ತಿದರು. ಮೋಟಾರಿನ ಕಡ್ಡಿಯನ್ನು ಐದನೇ ಒಂದು ಪಾಲು ದಪ್ಪ ಮಾಡಿದರೆ ವೇಗ ಅಷ್ಟೇ ಏರುತ್ತದೆ. ಕಾರ್ಖಾನೆಯಲ್ಲಿ ನೂರು ಸಲ ಮಾಡಿದ ಕೆಲಸ.

“ಸರ್! ಟೇಪಾ?” ವಿಕ್ರಮ್‌ ದನಿ ಒಡೆಯಿತು. “ಅದು ಒರಿಜಿನಲ್ ಕಂಡಿಷನ್!”

“ಒರಿಜಿನಲ್ ಕಂಡಿಷನ್ನಲ್ಲೇ ಮೂರು ವರ್ಷ ಮೋಸ ಹೋಗಿದೀವಪ್ಪ. ಟಾರ್ಚ್ ಹಿಡಿ.”

ನಾಲ್ಕು ಸುತ್ತು ಟೇಪು. ಕಾಗದದ ಚೂರು ಈಗ ನಿಮಿಷಕ್ಕೆ ಮೂವತ್ತಮೂರು ಸಲ ಬಂತು. ಐದೂ ಐದಕ್ಕೆ ಮುಳ್ಳು ಮತ್ತೆ ಇಳಿಯಿತು. ವಾಜಿದ್ ಊದಿದ. ಎರಡು ಕ್ಲಾರಿನೆಟ್ ಒಂದೇ ಆಗಿ, ಜಗಳಗಂಟಿ ಲವಲವಿಕೆಯಲ್ಲಿ, ಸಾಲ ಕೊಟ್ಟವನಿಗೆ ಕೈಬೀಸಿ ಓಡಿಹೋಗುವವನ ಹಾಗೆ ಹಾರಿದವು. ಶಂಶುನ್ನೀಸಾ ಅವರ ಬಳೆಗಳು ಸೋಫಾದ ಮರದ ಕೈ ಮೇಲೆ ತಾಳ ಹಾಕಿದವು.

“ಹಾಂ. ಇದೇ” ಎಂದರು. ಮುಗಿದ ಮೇಲೆ, “ಒಂದೇ ಮಾತು ಸಾರ್. ಕೇಳ್ಕೊಂಡು ಬಂದೋರಿಗೆ ನಮ್ಮೋರು ಇಲ್ಲ ಅಂದೋರಲ್ಲ. ನೀವೂ ಮನೆಗೆ ತಗೊಂಡು ಹೋಗೋಕೆ ಕೊಡ್ತೀರಲ್ಲ? ಮಿಷಿನ್ನೂ ಹೀಗೇ ಇರತ್ತಲ್ಲ?”

“ಕೊಡ್ತೀವಿ. ಇರತ್ತೆ” ಎಂದರು ನಾಣಿ.

“ಒಂದ್ನಿಮಿಷ ಸರ್” ಎಂದ ವಿಕ್ರಮ್. “ಕೂಟದಲ್ಲಿ ಕೇಳದೆ ಹೇಗೆ?”

ಪ್ರಿಯಂವದಾ ಮುಖ ಹುಳ್ಳಗೆ ಮಾಡಿಕೊಂಡಿದ್ದಳು. “ನಿಜ ಹೇಳ್ಲಾ? ಇದು ಫೋನಲ್ಲಿ ಕೇಳಿದ ಹಾಗೇ ಇದೆ. ಆತುರ. ಚೀಪ್. ನನಗೆ ಆ ನೋವೇ ಸಿಗ್ಲಿಲ್ಲ.”

“ನನಗೂ” ಎಂದ ವಿಕ್ರಮ್. ಆಮೇಲೆ ನಾಣಿಯವರ ಕಿವಿಯ ಹತ್ತಿರ ಬಂದು ಮೆಲ್ಲಗೆ ಹೇಳಿದ: “ಯೋಚ್ನೆ ಮಾಡಿ ಸರ್. ಟೇಪ್ ಕಿತ್ತು ಹಾಕಿದ್ರೆ ನಿಮ್ಮ ಪುಸ್ತಕ ಸರಿ. ಇಟ್ಕೊಂಡ್ರೆ ತೊಂಬತ್ತನಾಲ್ಕೂ ತಪ್ಪು. ನಾವು ಯಾರಿಗೂ ಹೇಳಲ್ಲ. ಇದನ್ನ ದಂಡಿನ ಶೈಲಿ ಅಂತ ಕರೆಯೋಣ. ಬೇಕಾದ್ರೆ ಎರಡ್ನೇ ಮುದ್ರಣಕ್ಕೆ ನಾನೇ ಮುನ್ನುಡಿ ಬರೀತೀನಿ.”

ನಾಣಿ ನಿಜವಾಗಿಯೂ ಯೋಚನೆ ಮಾಡಿದರು. ಪುಸ್ತಕದ ಹಿಂಬದಿಯಲ್ಲಿ ಗಲ್ಲಕ್ಕೆ ಕೈಯಿಟ್ಟ ಅವರ ಫೋಟೊ ಇತ್ತು; ಒಳ್ಳೆಯ ಫೋಟೊ.

ಐದೂ ಮೂವತ್ತೈದಕ್ಕೆ ಮತ ಹಾಕಿದರು. ಟೇಪ್ ಕೀಳಬೇಕು, ರೆಕಾರ್ಡ್ ಯಾರ ಮನೆಗೂ ಕೊಡದ ನಾಲ್ಕನೆಯ ನಿಯಮ ಹಾಗೇ ಇರಬೇಕು ಎಂಬುದಕ್ಕೆ ಆರು ಕೈ ಎದ್ದವು. ಬೇಡ ಎಂಬುದಕ್ಕೆ ಒಂದು ಕೈ ಎದ್ದಿತು. ತಡವಾಗಿ, ಮೊಣಕೈ ಮಟ್ಟದವರೆಗೆ ಮಾತ್ರ; ಆದರೂ ಎದ್ದಿತು. ಅದು ನಾಣಿಯವರದು.

“ಬಹುಮತ ಸರ್” ಎಂದು ವಿಕ್ರಮ್ ಗ್ಲೌಸ್ ಹಾಕಿಕೊಂಡು ಟೇಪ್ ಸುಲಿಯಲು ಕೂತ.

ಶಂಶುನ್ನೀಸಾ ರೆಕಾರ್ಡನ್ನು ಚೀಲಕ್ಕೆ ಹಾಕಿಕೊಂಡರು. “ಇಷ್ಟು ಓದಿದೋರು, ಸರಿಯಾಗಿರೋದು ಕೇಳಿಸಿದ ಮೇಲೂ ತಪ್ಪಿರೋದೇ ಬೇಕು ಅಂತೀರಲ್ಲ” ಎಂದು ವಿಕ್ರಮ್‌ಗೆ ಹೇಳಿ ಮೆಟ್ಟಿಲ ಕಡೆ ನಡೆದರು. ಬಾಗಿಲಲ್ಲಿ ನಿಂತು ನಾಣಿಯವರನ್ನು ನೋಡಿದರು. “ಹೋಟೆಲಿಗೂ ಕೊಡಲ್ಲ ಸಾರ್. ಮಗಳ ಮನೆಗೇ ಸಾಗಿಸ್ತೀನಿ. ಮಂಚದ ಕೆಳಗೆ ಜಾಗ ಇದೆ. ಪ್ಲೇಯರ್ ರಿಪೇರಿ ಮಾಡಿಸ್ತೀನಿ. ಕೇಳೋರು ಅಲ್ಲಿಗೇ ಬರ್ಲಿ.”

“ಯಾವತ್ತು ಸಾಗಿಸ್ತೀರಮ್ಮ?” ಎಂದರು ನಾಣಿ.

ಬುಧವಾರ ಬೆಳಿಗ್ಗೆ ಹತ್ತೂವರೆಗೆ ಇನ್ನೂರ ಹನ್ನೆರಡು ರೆಕಾರ್ಡ್‌ಗಳು ಟೆಂಪೊದಲ್ಲಿ ಕೆ.ಆರ್. ಪುರ ಸೇರಿದವು. ಫಾಯಿಜಾಳ ಫ್ಲ್ಯಾಟ್ ಮೂರನೆಯ ಮಹಡಿಯಲ್ಲಿತ್ತು, ಲಿಫ್ಟ್ ಕೆಟ್ಟಿತ್ತು. ಪೆಟ್ಟಿಗೆಗಳು ಹನ್ನೊಂದು. ವಾಜಿದ್ ಆರು ಹೊತ್ತ, ನಾಣಿ ಐದು ಹೊತ್ತರು.