ಬಿಳಿಯಕ್ಕ ಒರೆಸಿದ ಬಾಗಿಲುಗಳು

ಮಗಳು ಬಾಗಿಲಿಗೆ ಅಡ್ಡ ನಿಂತೇಬಿಟ್ಟಳು.

"ನೀವ್ಯಾಕೆ ಬಂದ್ರಿ ಮೇಸ್ತ್ರಿಗಳೇ? ಅಮ್ಮ ಬದುಕಿದ್ದಾಗ ಆಡ್ಕೊಂಡಿದ್ದು ಸಾಲದಾ?"

ಒಳಗೆ ತಾಯಿಯ ಶವ; ಊರಿನ ಒಬ್ಬಳೇ ಹೆಣ್ಣು ಪೇಂಟರ್. ಹೊರಗೆ ಗಾಡಿ ಆಗಲೇ ಬಂದಿತ್ತು. ಊರಿನ ಪೇಂಟರುಗಳಿಗೆಲ್ಲ ಹಿರಿಯನಾದ ಮೇಸ್ತ್ರಿ ಮೆಟ್ಟಿಲ ಕೆಳಗೇ ನಿಂತ. "ಹೆಂಗಸಿನ ಕೈಗೆ ಬ್ರಷ್ ಕೊಟ್ಟರೆ ಬಾಗಿಲಿಗೂ ಪೌಡರ್ ಬಳೀತಾಳೆ" ಎಂದು ಇಪ್ಪತ್ತು ವರ್ಷ ಎಲ್ಲರನ್ನೂ ನಗಿಸಿದವನು ಇವನೇ. ಅವಳಿಗೆ ಬಿಳಿಯಕ್ಕ ಎಂದು ಅಡ್ಡಹೆಸರಿಟ್ಟವನೂ ಇವನೇ.

"ಒಂದು ಮಾತು ಹೇಳಿ ಹೋಗ್ತೀನಿ ಕಣಮ್ಮ. ಆ ಡಾಕ್ಟರಮ್ಮನ ಮನೆ ಕಬೋರ್ಡುಗಳು ನನ್ನ ಕೆಲಸ ಅಲ್ಲ."

ಅಲ್ಲಿದ್ದ ಪೇಂಟರುಗಳು ಮುಖ ಮುಖ ನೋಡಿಕೊಂಡರು. ಮೇಸ್ತ್ರಿಗೆ ಹೆಸರು ತಂದುಕೊಟ್ಟಿದ್ದೇ ಆ ಕೆಲಸ.

*

ಹದಿನೆಂಟು ವರ್ಷದ ಹಿಂದಿನ ಮಾತು. ಪೈನ್ ಮರದ ಇಪ್ಪತ್ತೆರಡು ಬಾಗಿಲು. ಮರದ ಗೆರೆ ಕಾಣುವಂತೆ ತೆಳ್ಳಗೆ ಬಿಳಿ ಹಾಕಿ ಎಂದು ಡಾಕ್ಟರಮ್ಮ ಹೇಳಿ ಊರಿಗೆ ಹೋಗಿದ್ದರು. ಮೇಸ್ತ್ರಿ ಅವಸರದಲ್ಲಿ ಮರದ ಗಂಟುಗಳಿಗೆ ಅಂಟು ತಡೆಯುವ ಅರಗು ಹಚ್ಚದೆಯೇ ಬಣ್ಣ ಬಳಿದ. ಕೆಲವೇ ದಿನಗಳಲ್ಲಿ ಗಂಟುಗಳಿಂದ ಅಂಟು ಜಿನುಗಿ, ಬಿಳಿಯ ಮೇಲೆಲ್ಲ ಹಳದಿ ಕಲೆ. ಡಾಕ್ಟರಮ್ಮ ಬರಲು ನಾಲ್ಕೇ ದಿನ. ಅವನಿಗೆ ದಿಕ್ಕೇ ತೋಚಲಿಲ್ಲ.

ಪಕ್ಕದ ಮನೆಯಲ್ಲಿ ಬಣ್ಣದ ಕೆಲಸ ಮಾಡುತ್ತಿದ್ದ ಬಿಳಿಯಕ್ಕ ಕಿಟಕಿಯಿಂದ ನೋಡಿದಳು. ನಗಲಿಲ್ಲ. ಸೆರಗು ಸಿಕ್ಕಿಸಿಕೊಂಡು ಒಳಗೆ ಬಂದಳು.

"ಎಲ್ಲಾ ಉಜ್ಜಿ ತೆಗೀರಿ. ಗೆರೆ ಹೋದ ಕಡೆಗೇ ಉಜ್ಜಿ, ಅಡ್ಡ ಬೇಡ."

ಒಂದೊಂದು ಗಂಟಿಗೂ ಅವಳೇ ಅರಗು ಮುಟ್ಟಿಸಿದಳು. ನೀರು ಬೆರೆಸಿದ ಬಿಳಿ ಬಳಿದು, ಒಣಗುವ ಮುಂಚೆಯೇ ಹಳೇ ಬನಿಯನ್ ಬಟ್ಟೆಯಿಂದ ಒಂದೇ ಎಳೆತಕ್ಕೆ ಒರೆಸಿದಳು. ಬಿಳಿ ಗೆರೆಗಳ ಸಂದಿಯಲ್ಲಿ ಉಳಿಯಿತು. ಮರ ಎದ್ದು ಕಂಡಿತು.

ಕೊನೆಯ ದಿನ ಮೇಸ್ತ್ರಿ, "ಯಾರಿಗೂ ಹೇಳ್ಬೇಡಕ್ಕ" ಎಂದ.

"ಹೇಳೋಕೇನಿದೆ? ಗಂಟಿರೋ ಮರ, ಸ್ವಲ್ಪ ಹಠ ಮಾಡುತ್ತೆ" ಎಂದು ಬಕೆಟ್ ಎತ್ತಿಕೊಂಡು ಹೋದಳು.

*

"ಹೇಳಲೇ ಇಲ್ಲ ಪುಣ್ಯಾತ್ಗಿತ್ತಿ." ಮೇಸ್ತ್ರಿ ಹೆಗಲ ಟವೆಲನ್ನು ಕೈಗೆ ತೆಗೆದುಕೊಂಡ. "ನಾನು ಇನ್ನೂ ಜಾಸ್ತಿ ಆಡ್ಕೊಂಡೆ. ಒಂದಿನ ರೇಗಿ ಬಾಯಿ ಬಿಡ್ತಾಳೆ, ನಂಗೂ ಹಗುರ ಆಗುತ್ತೆ ಅಂತ ಕಾದೆ. ಬಿಡಲೇ ಇಲ್ಲ."

ಮಗಳು ಒಳಗೆ ತಾಯಿಯ ಕಡೆ ತಿರುಗಿ ನೋಡಿದಳು.

"ನಮಗೂ ಹೇಳಿಲ್ಲ" ಎಂದಳು. ಪಕ್ಕಕ್ಕೆ ಸರಿದಳು. "ಒಳಗೆ ಬನ್ನಿ."

ಮೇಸ್ತ್ರಿ ಬಿಳಿಯಕ್ಕನ ಕಾಲ ಬಳಿ ತಲೆ ತಗ್ಗಿಸಿ ನಿಂತ. ಹಿಂದಿರುಗುವಾಗ ಗೋಡೆಯ ಪಕ್ಕದ ಕಬೋರ್ಡಿನ ಮುಂದೆ ಕಾಲು ತಡೆಯಿತು. ಅವಳು ತನಗಾಗಿ ಬಣ್ಣ ಮಾಡಿಕೊಂಡಿದ್ದು. ಮಂಡಿ ಲಟಕ್ಕೆಂದರೂ ನೆಲಕ್ಕೆ ಕೂತು, ಯಾರ ಕಣ್ಣಿಗೂ ಬೀಳದ ಬಾಗಿಲಿನ ಕೆಳ ಅಂಚಿಗೆ ಬೆರಳು ತೂರಿಸಿ, ಈ ತುದಿಯಿಂದ ಆ ತುದಿಯವರೆಗೆ ಎಳೆದ. ಎಲ್ಲೂ ತರಿ ಸಿಗಲಿಲ್ಲ; ಅಲ್ಲೂ ನುಣ್ಣಗೆ ಉಜ್ಜಿದ್ದಳು.

ಶವ ಎತ್ತಲು ಬಂದವರು ಅವನ ಪಕ್ಕದಿಂದ ಸುತ್ತಿ ಮುಂದೆ ಹೋದರು. ಅವನು ಎರಡನೇ ಬಾಗಿಲಿನ ಅಡಿಗೆ ಕೈ ಹಾಕಿದ.